ಮರಳು, ಕಡತ, ಮೌಸು: ಮೇಷ್ಟ್ರು ಮತ್ತೆ ವಿದ್ಯಾರ್ಥಿಯಾದಾಗ

ನಾನು ಮೊದಲ ಬಾರಿಗೆ ಕಂಪ್ಯೂಟರಿನ ಮುಂದೆ ಕುಳಿತದ್ದು 2002ರಲ್ಲಿ, ನನ್ನ ಐವತ್ತಮೂರನೆಯ ವಯಸ್ಸಿನಲ್ಲಿ. ಇಪ್ಪತ್ತೆಂಟು ವರ್ಷ ಕರಿಹಲಗೆಯ ಮುಂದೆ ನಿಂತು ಪಾಠ ಹೇಳಿದವನನ್ನು ಇಲಾಖೆಯು ಹತ್ತು ದಿನಗಳ ತರಬೇತಿಗೆ ನಿಯೋಜಿಸಿತ್ತು. ಕಲಿಸಲು ಬಂದಿದ್ದ ಹುಡುಗಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. "ಸರ್, ಮೌಸನ್ನು ಸ್ವಲ್ಪ ಮೇಲಕ್ಕೆ ತೆಗೆದುಕೊಂಡು ಹೋಗಿ" ಎಂದಳು. ನಾನು ಅದನ್ನು ಮೇಜಿನಿಂದ ಎತ್ತಿ ಗಾಳಿಯಲ್ಲಿ ಹಿಡಿದುಕೊಂಡೆ. ಹಿಂದಿನ ಸಾಲಿನಿಂದ ನಗು ಕೇಳಿಸಿತು. ನಕ್ಕವರೂ ನನ್ನ ಓರಗೆಯವರೇ. ಅವರ ಸರದಿ ಇನ್ನೂ ಬಂದಿರಲಿಲ್ಲ, ಅಷ್ಟೆ.

ಆ ಕ್ಷಣದಲ್ಲಿ ನನ್ನ ಅಂಗೈ ಬೆವರಿದ್ದು ಈಗಲೂ ನೆನಪಿದೆ. ಲೆಕ್ಕ ಬಾರದ ಹುಡುಗನನ್ನು ಹಲಗೆಯ ಬಳಿಗೆ ಕರೆದು ನಿಲ್ಲಿಸಿದಾಗ ಅವನಿಗೆ ಏನಾಗುತ್ತದೆಂಬುದನ್ನು ಇಪ್ಪತ್ತೆಂಟು ವರ್ಷ ಶಿಕ್ಷಕನಾಗಿದ್ದೂ ನಾನು ಮರೆತುಬಿಟ್ಟಿದ್ದೆ. ಕಂಪ್ಯೂಟರು ನನಗೆ ಕಲಿಸಿದ ಮೊದಲ ಪಾಠ ಅದು.

ಹಿರಿಯ ಶಿಕ್ಷಕರು ಹೊಸ ಉಪಕರಣಗಳಿಗೆ ಹೊಂದಿಕೊಳ್ಳುವುದಿಲ್ಲ ಎಂಬ ಮಾತು ಬಹಳ ಹಳೆಯದು. ನಿವೃತ್ತಿಯ ನಂತರ ಇತಿಹಾಸದ ಪುಸ್ತಕಗಳನ್ನು ತಿರುವಿಹಾಕುತ್ತಿದ್ದಾಗ ಈ ದೂರು ಮೌಸಿನ ಕಾಲದ್ದಲ್ಲ, ಮರಳಿನ ಕಾಲದ್ದು ಎಂಬುದು ತಿಳಿಯಿತು.

1789ರಲ್ಲಿ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಮದರಾಸಿನ ಎಗ್ಮೋರಿನಲ್ಲಿದ್ದ ಸೈನಿಕರ ಅನಾಥ ಬಾಲಕರ ಆಶ್ರಮಶಾಲೆಯ ಮೇಲ್ವಿಚಾರಕರಾದರು. ಒಂದು ಬೆಳಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ, ದೇಶೀ ಶಾಲೆಯೊಂದರ ಮಕ್ಕಳು ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಅವರು ಕಂಡರು. ಕಾಗದ, ಲೇಖನಿ, ಮಸಿ ಯಾವುದರ ಖರ್ಚೂ ಇಲ್ಲ. ಕೂಡಲೇ ತಮ್ಮ ಶಾಲೆಗೆ ಮರಳಿ, ಕೆಳಗಿನ ತರಗತಿಯ ಉಪಾಧ್ಯಾಯನಿಗೆ ಹಾಗೆಯೇ ಕಲಿಸಬೇಕೆಂದು ಅಪ್ಪಣೆ ಮಾಡಿದರು. ಉಪಾಧ್ಯಾಯನು ಅದು ಆಗದ ಮಾತು ಎಂದುಬಿಟ್ಟ. ಬೆಲ್ ಸುಮ್ಮನಾಗಲಿಲ್ಲ. ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು, ಒಬ್ಬ ಸಾಮಾನ್ಯ ಸಿಪಾಯಿಯ ಮಗನನ್ನು, ಕರೆದು ಆ ತರಗತಿಯನ್ನು ಅವನಿಗೇ ಒಪ್ಪಿಸಿದರು. ಉಪಾಧ್ಯಾಯನಿಗೆ ಅಸಾಧ್ಯವೆನಿಸಿದ್ದನ್ನು ಹುಡುಗ ಮಾಡಿ ತೋರಿಸಿದ. ಮಕ್ಕಳೇ ಮಕ್ಕಳಿಗೆ ಕಲಿಸುವ ಈ ಕ್ರಮವನ್ನು ವಿವರಿಸಿ ಬೆಲ್ 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದರು. ಮುಂದೆ ಇಂಗ್ಲೆಂಡಿನ ಸಾವಿರಾರು ಶಾಲೆಗಳು ಅದನ್ನು ಅನುಸರಿಸಿದವು.

ಶಿಕ್ಷಣದ ಇತಿಹಾಸ ಬರೆಯುವವರು ಈ ಕಥೆಯನ್ನು ಬೆಲ್ ಅವರ ಪ್ರತಿಭೆಗೆ ಸಾಕ್ಷಿಯಾಗಿ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಹೆಸರಿಲ್ಲದ ಆ ಉಪಾಧ್ಯಾಯನ ಕಡೆಗೆ ಹೋಗುತ್ತದೆ. ಅವನು ಮರಳಿನಲ್ಲಿ ಎಂದೂ ಬರೆದವನಲ್ಲ. ಹೇಗೆ ಹರಡಬೇಕು, ಮಕ್ಕಳನ್ನು ಹೇಗೆ ಕೂರಿಸಬೇಕು, ಯಾವಾಗ ಅಳಿಸಬೇಕು ಎಂದು ಯಾರಾದರೂ ಅವನಿಗೆ ತೋರಿಸಿಕೊಟ್ಟರೇ? ಅಪ್ಪಣೆಯಾಯಿತು, ಅವನಿಂದ ಆಗಲಿಲ್ಲ, ಅವನ ಜಾಗಕ್ಕೆ ಬಾಲಕ ಬಂದ. ಕಲಿಯಲು ಅವಕಾಶವನ್ನೇ ಕೊಡದೆ 'ಕಲಿಯಲಾರದವನು' ಎಂಬ ಪಟ್ಟ ಕಟ್ಟಿಸಿಕೊಂಡ ಶಿಕ್ಷಕರ ಸಾಲಿನಲ್ಲಿ ಅವನು ಮೊದಲಿಗನಿರಬೇಕು.

ಅದೇ ಮರಳಿನ ವಿದ್ಯೆ ನಮ್ಮ ನಾಡಿನಲ್ಲಿ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಒಳ್ಳೆಯ ದಾಖಲೆಯೊಂದಿದೆ. 1823ರಲ್ಲಿ ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ ತಮ್ಮ ಜಿಲ್ಲೆಯ ದೇಶೀ ಶಾಲೆಗಳ ಬಗ್ಗೆ ಮದರಾಸು ಸರಕಾರಕ್ಕೆ ವರದಿ ಸಲ್ಲಿಸಿದರು. ಜಿಲ್ಲೆಯಲ್ಲಿ ಆಗ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಮಗು ಮೊದಲು ಮರಳಿನಲ್ಲಿ ಬೆರಳಿನಿಂದ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯೆಂದರೆ ಒಂದಡಿ ಅಗಲ, ಮೂರಡಿ ಉದ್ದದ, ನುಣುಪಾಗಿ ಹತ್ತರಿ ಹೊಡೆದ ಮರದ ಹಲಗೆ. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದು ಕರಿಯಾಗಿಸುತ್ತಿದ್ದರು. ಕಡತವೆಂದರೆ ಗಂಜಿಯಲ್ಲಿ ಅದ್ದಿ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆ ಹಾಕಿ, ಇದ್ದಿಲು ಮತ್ತು ಅಂಟು ಸವರಿದ ಕಪ್ಪು ಬರಹಪುಟ. ಬರೆಯಲು ಬಳಪ. ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಮಾಯ, ಪುಟ ಮತ್ತೆ ಹೊಸದು. ಅಗ್ಗದಲ್ಲಿ ಬರಹ ಕಲಿಸುವ ಈ ವಿಧಾನವನ್ನೂ, ಮುಂದಿರುವ ವಿದ್ಯಾರ್ಥಿಗಳಿಂದ ಹಿಂದಿರುವವರಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಕ್ಯಾಂಬೆಲ್ ಮನಸಾರೆ ಮೆಚ್ಚಿಕೊಂಡಿದ್ದಾರೆ.

ಈ ಮೂರು ಉಪಕರಣಗಳಿಗೂ ಇದ್ದ ಒಂದು ಸಾಮಾನ್ಯ ಗುಣವನ್ನು ಓದುಗರು ಗಮನಿಸಬೇಕು. ಮರಳನ್ನು ಅಂಗೈಯಿಂದ ಸವರಬಹುದು, ಹಲಗೆಯನ್ನೂ ಕಡತವನ್ನೂ ಒರೆಸಬಹುದು. ತಪ್ಪು ಉಳಿಯುವುದಿಲ್ಲ, ಯಾರೂ ನೋಡುವ ಮೊದಲೇ ಅಳಿಸಿ ಮತ್ತೆ ಬರೆಯಬಹುದು. ಈ ಮಾತಿಗೆ ಕೊನೆಯಲ್ಲಿ ಮತ್ತೆ ಬರುತ್ತೇನೆ.

ಗೋಡೆಯ ಮೇಲಿನ ದೊಡ್ಡ ಕರಿಹಲಗೆ ಪಾಶ್ಚಾತ್ಯ ಶಾಲೆಗಳಲ್ಲಿ ಕಾಣಿಸಿಕೊಂಡದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. ನಮಗೆ ಅದೀಗ ಶಾಲೆಯೆಂಬುದರ ಗುರುತೇ ಆಗಿದೆ. ಆದರೆ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1987ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಯೋಜನೆಯ ಹೆಸರೇ 'ಆಪರೇಷನ್ ಬ್ಲ್ಯಾಕ್‌ಬೋರ್ಡ್'. ಪ್ರತಿ ಪ್ರಾಥಮಿಕ ಶಾಲೆಗೂ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಹಲಗೆಯೂ ಸೇರಿದಂತೆ ಅಗತ್ಯ ಬೋಧನೋಪಕರಣಗಳು ದೊರೆಯಬೇಕೆಂಬುದು ಅದರ ಗುರಿ. ಎಂದರೆ, ಉಪಗ್ರಹದಿಂದ ಪಾಠ ಬಿತ್ತರಿಸಿ ಹನ್ನೊಂದು ವರ್ಷಗಳಾದ ಮೇಲೂ ಎಷ್ಟೋ ಶಾಲೆಗಳಿಗೆ ನೆಟ್ಟಗಿನ ಹಲಗೆಯಿರಲಿಲ್ಲ.

ಉಪಗ್ರಹದ ಆ ಪ್ರಸಂಗಕ್ಕೆ ನಾನೇ ಸಾಕ್ಷಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗವದು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಇಸ್ರೋ ನೇರವಾಗಿ ಟಿ.ವಿ. ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳು ಅದಕ್ಕೆ ಆಯ್ಕೆಯಾಗಿದ್ದವು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಛತ್ರಿ ಶಾಲೆಯ ಮಾಳಿಗೆಯ ಮೇಲೆ ಆಕಾಶ ನೋಡುತ್ತ ಕುಳಿತಿರುತ್ತಿತ್ತು. ಬೆಳಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ. ಅದೇ ವರ್ಷ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಟಿ.ವಿ.ಯ ಮೂಲಕ ವಿಜ್ಞಾನ ಬೋಧನೆಯ ತರಬೇತಿಯೂ ನಡೆಯಿತು.

ನಾನಾಗ ಇಪ್ಪತ್ತಾರರ ತರುಣ, ರಾಯಚೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ನೌಕರಿ ಸೇರಿ ವರ್ಷವಾಗಿತ್ತು. ಅಕ್ಟೋಬರಿನ ತರಬೇತಿಯಲ್ಲಿ ನನ್ನ ಪಕ್ಕದಲ್ಲಿ ನಿವೃತ್ತಿಯ ಅಂಚಿನಲ್ಲಿದ್ದ ಹೆಡ್ಮಾಸ್ತರರೊಬ್ಬರು ಕೂಡುತ್ತಿದ್ದರು. ಬಿಳಿ ಧೋತರ, ಕರಿ ಟೊಪ್ಪಿಗೆ, ಕೈಯಲ್ಲೊಂದು ನೋಟುಬುಕ್ಕು. "ಈ ಡಬ್ಬಿ ನಮಗೇನ್ ಕಲಸ್ತದ" ಎಂದು ಉಳಿದವರು ಬೀಡಿ ಹಚ್ಚಲು ಹೊರಗೆ ಹೋದರೆ, ಇವರು ಮಾತ್ರ ಅಲುಗಾಡದೆ ಕುಳಿತು ಬರೆದುಕೊಳ್ಳುತ್ತಿದ್ದರು.

ಒಂದು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು. "ತಮ್ಮಾ, ಬೆಳಕು ನೆಟ್ಟಗ ಹೋಗ್ತದ ಅಂತ ತೋರಿಸಿದ್ರಲ್ಲ, ಅದು ನನಗ ಪೂರಾ ತಿಳೀಲಿಲ್ಲ. ಆ ಪೆಟ್ಟಿಗಿಗೆ ಇನ್ನೊಮ್ಮೆ ಹೇಳಪಾ ಅಂದ್ರ ಅದು ಹೇಳೂದುಲ್ಲ. ನೀ ಹೇಳು."

ನನಗೆ ಸಂಕೋಚವಾಯಿತು. ಅವರು ನನ್ನ ತಂದೆಯ ವಯಸ್ಸಿನವರು. ಆದರೂ ಮೂರು ಪೋಸ್ಟ್ ಕಾರ್ಡುಗಳಿಗೆ ಒಂದೇ ಎತ್ತರದಲ್ಲಿ ತೂತು ಕೊರೆದು, ಮಣ್ಣಿನ ಉಂಡೆಗಳಿಗೆ ಸಿಕ್ಕಿಸಿ ಸಾಲಾಗಿ ನಿಲ್ಲಿಸಿ, ಆಚೆ ತುದಿಯಲ್ಲಿ ಹಣತೆ ಹಚ್ಚಿಟ್ಟೆ. ಅವರು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ತೂತಿನಲ್ಲಿ ನೋಡಿದರು. ದೀಪ ಕಂಡಿತು. ನಡುವಿನ ಕಾರ್ಡನ್ನು ತಾವೇ ಬೆರಳಿನಿಂದ ಒಂದಿಷ್ಟು ಸರಿಸಿದರು. ದೀಪ ಮರೆಯಾಯಿತು. ಮತ್ತೆ ಸರಿಪಡಿಸಿದರು, ಕಂಡಿತು. ಹೀಗೆ ಐದಾರು ಸಲ. ಎದ್ದು ಧೋತರದ ಧೂಳು ಕೊಡವಿಕೊಳ್ಳುತ್ತ, "ಮೂವತ್ತು ವರ್ಷ ಇದನ್ನ ಬಾಯಿಲೆ ಹೇಳಿನಿ, ಕಣ್ಣಿಲೆ ನೋಡಿದ್ದು ಇವತ್ತ" ಎಂದರು.

ನನಗೆ ಅಂದು ಅದರ ಅರ್ಥ ಪೂರ್ತಿ ಹೊಳೆಯಲಿಲ್ಲ. 2002ರಲ್ಲಿ ಮೌಸು ಹಿಡಿದು ಕುಳಿತಾಗ ಹೊಳೆಯಿತು. ಟಿ.ವಿ. ಅವರಿಗೆ ಆಸೆ ಹುಟ್ಟಿಸಿತು, ಕಲಿಸಿದ್ದು ಮಾತ್ರ ಹಣತೆ ಮತ್ತು ಪಕ್ಕದಲ್ಲಿದ್ದ ಒಬ್ಬ ಮನುಷ್ಯ. ಮತ್ತೊಮ್ಮೆ ಕೇಳಲು ಅವಕಾಶವಿಲ್ಲದ ಗುರುವಿನಿಂದ ಪ್ರಾಯದವನೇನೋ ಕಲಿತಾನು, ಹಿರಿಯನಿಗೆ ಕಷ್ಟ. ವರ್ಷ ಮುಗಿದ ಮೇಲೆ ಉಪಗ್ರಹವೂ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತಾದರೂ ಅದರ ವ್ಯಾಪ್ತಿಗೆ ಬಾರದ ಹಳ್ಳಿಗಳಲ್ಲಿ ಪರದೆ ಕಪ್ಪಾಗಿಯೇ ಉಳಿಯಿತು. ಪೋಸ್ಟ್ ಕಾರ್ಡಿನ ಪ್ರಯೋಗ ಮಾತ್ರ ಆ ಹೆಡ್ಮಾಸ್ತರರ ಶಾಲೆಯಲ್ಲಿ ಅವರು ನಿವೃತ್ತರಾಗುವವರೆಗೂ ನಡೆಯಿತೆಂದು ಬಲ್ಲೆ.

ಕಂಪ್ಯೂಟರಿನ ಕಥೆಯಲ್ಲೂ ಇದೇ ಪಾಡು. 1984ರಲ್ಲಿ 'ಕ್ಲಾಸ್' ಎಂಬ ಹೆಸರಿನ ಯೋಜನೆಯಡಿ ಕೇಂದ್ರ ಸರಕಾರವು ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ಆಯ್ದ ಪ್ರೌಢಶಾಲೆಗಳಿಗೆ ನೀಡಿತು. ಕರ್ನಾಟಕದ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ದೊಡ್ಡ ಪ್ರಮಾಣದಲ್ಲಿ ಬಂದದ್ದು 2001ರಲ್ಲಿ ಆರಂಭವಾದ 'ಮಾಹಿತಿ ಸಿಂಧು' ಯೋಜನೆಯಿಂದ; ಒಂದು ಸಾವಿರ ಶಾಲೆಗಳು ಅದರ ವ್ಯಾಪ್ತಿಯಲ್ಲಿದ್ದವು. ಯಂತ್ರಗಳನ್ನು ಒದಗಿಸುವುದು, ಪಾಠ ಹೇಳುವುದು ಎರಡನ್ನೂ ಗುತ್ತಿಗೆಯ ಮೇಲೆ ಖಾಸಗಿ ಕಂಪನಿಗಳಿಗೆ ವಹಿಸಲಾಗಿತ್ತು. ಅವರು ನೇಮಿಸಿದ ತರುಣ ಬೋಧಕರು ಬಂದರು, ಒಳ್ಳೆಯ ಮಕ್ಕಳೇ. ಆದರೆ ಈ ವ್ಯವಸ್ಥೆಯಲ್ಲಿ ಇತಿಹಾಸದ ಮೇಷ್ಟ್ರಿಗೆ, ಕನ್ನಡದ ಪಂಡಿತರಿಗೆ ಯಾವ ಪಾತ್ರವೂ ಇರಲಿಲ್ಲ. ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ಕಂಪ್ಯೂಟರ್ ಕೋಣೆಯ ಹೊರಗೆ ಚಪ್ಪಲಿ ಬಿಡಬೇಕಿತ್ತು. ಒಳಗೆ ಯಂತ್ರಗಳಿಗೆಲ್ಲ ಬಟ್ಟೆಯ ಹೊದಿಕೆ. ಗರ್ಭಗುಡಿಯ ಬಾಗಿಲಲ್ಲಿ ನಿಂತ ಭಕ್ತರಂತೆ ನಾವು ಹಿರಿಯರು ಹೊರಗಿನಿಂದಲೇ ಇಣುಕಿ ಹೋಗುತ್ತಿದ್ದೆವು. ಮುಟ್ಟಿ ಕೆಡಿಸಿದರೆ ಸಂಬಳದಲ್ಲಿ ಮುರಿದುಕೊಂಡಾರೆಂಬ ಭಯ ಬೇರೆ.

ಮತ್ತೆ ನನ್ನ ತರಬೇತಿಗೆ ಬರುತ್ತೇನೆ. ಮೊದಲ ಐದು ದಿನ ನಾನು ಏನನ್ನೂ ಕಲಿಯಲಿಲ್ಲವೆಂದೇ ಹೇಳಬೇಕು. ಎಲ್ಲವೂ ಇಂಗ್ಲಿಷಿನಲ್ಲಿತ್ತು, ಎಲ್ಲವೂ ಅವಸರದಲ್ಲಿತ್ತು. ಆರನೆಯ ದಿನ 'ನುಡಿ' ತಂತ್ರಾಂಶ ತೆರೆದರು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ಈ ತಂತ್ರಾಂಶದ ಕೀಲಿಮಣೆಯ ವಿನ್ಯಾಸ, ಮುದ್ರಣ ತಂತ್ರಜ್ಞಾನದಲ್ಲಿ ದುಡಿದ ಕೆ. ಪಿ. ರಾವ್ ಅವರದು. ಅದರ ಸೊಗಸನ್ನು ಕನ್ನಡ ವ್ಯಾಕರಣ ಓದಿದವನೇ ಬಲ್ಲ. ಕಕಾರದ ಕೀಲಿಯನ್ನು ಶಿಫ್ಟ್ ಒತ್ತಿ ಬಡಿದರೆ ಖಕಾರ. ಅಲ್ಪಪ್ರಾಣ, ಮಹಾಪ್ರಾಣ ಒಂದೇ ಕೀಲಿಯ ಎರಡು ಮುಖಗಳು. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ. ಆ ಕೀಲಿ ಮಾಡುವುದಿಷ್ಟೇ: ಹಿಂದಿನ ವ್ಯಂಜನದ ಅಕಾರವನ್ನು ಕಳಚಿ ಅರ್ಧಾಕ್ಷರವನ್ನಾಗಿಸುತ್ತದೆ.

"ರಾಷ್ಟ್ರ ಎಂದು ಬರೆಯಿರಿ ನೋಡೋಣ" ಎಂದಳು ಬೋಧಕಿ. ಇಂಗ್ಲಿಷಿನಲ್ಲಿ ಚುರುಕಾಗಿದ್ದ ನಮ್ಮ ತರುಣ ಮಿತ್ರರು ತಡವರಿಸಿದರು. ಷಕಾರ, ಎಫ್, ಟಕಾರ, ಎಫ್, ರಕಾರ. ನನ್ನ ಬೆರಳು ನಿಧಾನವಾಗಿ ಹೋದರೂ ತಪ್ಪಲಿಲ್ಲ. ಸಂಯುಕ್ತಾಕ್ಷರವನ್ನು ಬಿಡಿಸಿ ಬರೆಯುವುದನ್ನು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಲಿಸಿದ್ದೆನಲ್ಲ! "ಸರ್, ಹೇಗೆ ಗೊತ್ತಾಯಿತು ನಿಮಗೆ? ನಾನು ಪಟ್ಟಿ ಮಾಡಿ ಬಾಯಿಪಾಠ ಮಾಡಿಕೊಂಡಿದ್ದೇನೆ" ಎಂದು ಅವಳು ಬೆರಗಾದಳು. ಆ ಸಂಜೆ ನಾನು ಅವಳಿಗೆ ಸಂಯುಕ್ತಾಕ್ಷರಗಳ ಕ್ರಮ ಹೇಳಿಕೊಟ್ಟೆ. ಅವಳು ನನಗೆ ಕಡತ ಉಳಿಸುವುದನ್ನು ಹೇಳಿಕೊಟ್ಟಳು. ಫೈಲಿಗೆ ಕನ್ನಡದಲ್ಲಿ 'ಕಡತ' ಎನ್ನುತ್ತಾರೆಂದು ನೆನಪಾಗಿ ನನಗೆ ನಗು ಬಂತು. ಬಳ್ಳಾರಿಯ ಮಕ್ಕಳ ಮಸಿಬಟ್ಟೆಯ ಹೆಸರು ಪೆಟ್ಟಿಗೆಯೊಳಗೆ ಬಂದು ಕುಳಿತಿತ್ತು.

ಹಿರಿಯ ವಿದ್ಯಾರ್ಥಿ ಬರಿಗೈಯಲ್ಲಿ ಬರುವುದಿಲ್ಲ. ಅವನಲ್ಲಿರುವ ಯಾವುದಾದರೊಂದು ಹಳೆಯ ವಿದ್ಯೆಗೆ ಹೊಸ ಉಪಕರಣ ಕೊಂಡಿ ಹಾಕಿಕೊಂಡಿತೋ, ಅವನ ಭಯ ಅಲ್ಲಿಗೆ ಮುಗಿಯಿತು. ಆ ಕೊಂಡಿಯನ್ನು ಹುಡುಕುವ ಪುರುಸೊತ್ತು ತರಬೇತಿಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಶಾಲೆಗೆ ಮರಳಿದ ಮೇಲೆ ಉಳಿದದ್ದನ್ನು ಕಲಿಸಿದವನು ನನ್ನದೇ ಒಂಬತ್ತನೆಯ ತರಗತಿಯ ಹುಡುಗ. ಇತಿಹಾಸದಲ್ಲಿ ಮೂವತ್ತೈದು ಅಂಕ ದಾಟಿದವನಲ್ಲ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ನನ್ನ ಪಕ್ಕದಲ್ಲಿ ನಿಂತು ತೋರಿಸಿಕೊಡುತ್ತಿದ್ದ. ನಾನು ತಪ್ಪಿದಾಗ ಒಮ್ಮೆಯೂ ನಗಲಿಲ್ಲ. ಅವನು ಹಿಂದೆ ತಪ್ಪು ಉತ್ತರ ಹೇಳಿದಾಗ ಇಡೀ ತರಗತಿಯನ್ನು ನಗಿಸಿದ್ದವನು ನಾನು. ಈ ಮಾತನ್ನು ಬರೆಯುವುದು ಸುಲಭವಲ್ಲ, ಆದರೆ ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ. ಅಂದಿನಿಂದ ನಿವೃತ್ತಿಯವರೆಗಿನ ಐದು ವರ್ಷಗಳಲ್ಲಿ ತಪ್ಪು ಹೇಳಿದ ಮಗುವನ್ನು ನಾನು ನಗೆಗೀಡು ಮಾಡಲಿಲ್ಲ. ಎಗ್ಮೋರಿನ ಉಪಾಧ್ಯಾಯನನ್ನು ಬದಿಗೆ ಸರಿಸಿ ಫ್ರಿಸ್ಕೆನ್‌ನನ್ನು ಕೂರಿಸುವ ಬದಲು, ಇಬ್ಬರನ್ನೂ ಒಂದೇ ಮರಳಿನ ಮುಂದೆ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ನಾನು ಆಗಾಗ ಯೋಚಿಸುವುದುಂಟು.

ಆನಂತರದ ಇತಿಹಾಸ ಬಹುಮಂದಿಗೆ ತಿಳಿದದ್ದೇ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಉಪಗ್ರಹ ಶ್ರೀಹರಿಕೋಟೆಯಿಂದ ಹಾರಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2016ರಲ್ಲಿ ಆರಂಭವಾದ 'ಟಾಲ್ಪ್' ಕಾರ್ಯಕ್ರಮವು ವಿಷಯ ಶಿಕ್ಷಕರೇ ತಂತ್ರಜ್ಞಾನ ಬಳಸಿ ತಮ್ಮ ಪಾಠ ಮಾಡಬೇಕೆಂದು ಹೊರಟಿತು. ಹದಿನೈದು ವರ್ಷಗಳ ಹಿಂದೆಯೇ ಆಗಬೇಕಿದ್ದ ತಿದ್ದುಪಡಿಯದು. 2017ರಲ್ಲಿ 'ದೀಕ್ಷಾ' ವೇದಿಕೆ ಬಂತು, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಸಂಕೇತಗಳು ಮೂಡಿದವು. ಅಮೆರಿಕದ ಶಿಕ್ಷಣ ಇತಿಹಾಸಕಾರ ಲ್ಯಾರಿ ಕ್ಯೂಬನ್ 1986ರ ತಮ್ಮ ಗ್ರಂಥದಲ್ಲಿ ಚಲನಚಿತ್ರ, ರೇಡಿಯೋ, ಟಿ.ವಿ.ಗಳ ಬಗ್ಗೆ ಗುರುತಿಸಿದ ಚಕ್ರ ನಮ್ಮಲ್ಲೂ ತಿರುಗಿದೆ: ಮೊದಲು ದೊಡ್ಡ ಭರವಸೆ, ಬಳಿಕ ಅಲ್ಪ ಬಳಕೆ, ಕೊನೆಗೆ ಶಿಕ್ಷಕರ ಮೇಲೆ ದೂರು.

2020ರಲ್ಲಿ ಕೊರೋನಾ ಬಂದಾಗ ಭರವಸೆ, ದೂರುಗಳಿಗೆಲ್ಲ ಪುರುಸೊತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನನ್ನ ಹಳೆಯ ಸಹೋದ್ಯೋಗಿ, ಅಕ್ಕರೆಯ ತಂಗಿಯಂತಿದ್ದ ಶಿಕ್ಷಕಿ, ರಾತ್ರಿ ಫೋನು ಮಾಡಿ, "ಸರ್, ಮಕ್ಕಳಿಗೆ ನಾನು ಕಾಣಿಸ್ತೀನಂತೆ, ಮಾತು ಕೇಳಿಸ್ತಿಲ್ಲವಂತೆ. ಒಂದು ಗಂಟೆ ಪಾಠ ಮಾಡಿ ಮುಗಿಸಿದ ಮೇಲೆ ಗೊತ್ತಾಯ್ತು" ಎಂದು ಅತ್ತರು. ನನಗೆ ತಿಳಿದಷ್ಟನ್ನು ಹೇಳಿದೆ. ಮರುದಿನ ಅವರ ಮಗಳು ಪಕ್ಕದಲ್ಲಿ ಕುಳಿತಳಂತೆ. ಒಂದು ವಾರದಲ್ಲಿ ಹಿಡಿತ ಸಿಕ್ಕಿತಂತೆ. ಆ ಆಗಸ್ಟಿನಲ್ಲಿ 'ವಿದ್ಯಾಗಮ' ಶುರುವಾದಾಗ ಇದೇ ಶಿಕ್ಷಕಿ ಫೋನಿಲ್ಲದ ಮಕ್ಕಳನ್ನು ಹುಡುಕಿಕೊಂಡು ಹೋಗಿ ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದರು. ಫೋನೂ ಬಂತು, ಕಟ್ಟೆಯೂ ಮರೆಯಲಿಲ್ಲ. ಹೊಂದಿಕೊಳ್ಳುವುದು ಎಂದರೆ ಇದೇ ಎಂದು ನನ್ನ ತಿಳಿವಳಿಕೆ.

ಮೊದಲು ಹೇಳಿದ ಮಾತಿಗೆ ಬರುತ್ತೇನೆ. ಹಿರಿಯ ಶಿಕ್ಷಕನಿಗೆ ಅಡ್ಡ ಬರುವುದು ವಯಸ್ಸಿಗಿಂತ ಹೆಚ್ಚಾಗಿ ಮರ್ಯಾದೆಯ ಭಯ. ಮಕ್ಕಳಿಗೆ ತಪ್ಪು ಮಾಡಲು ಮರಳಿತ್ತು, ಒರೆಸಲು ಒದ್ದೆ ಬಟ್ಟೆಯಿತ್ತು. ಮೇಷ್ಟ್ರಿಗೆ ಅಂಥದೊಂದು ಜಾಗವನ್ನು ಯಾರೂ ಕೊಡಲಿಲ್ಲ. ಅವನು ಮೊದಲ ದಿನವೇ ಎಲ್ಲರೆದುರು ಸರಿಯಾಗಿ ಬರೆಯಬೇಕು. ನನ್ನ ತರಬೇತಿಯ ಒಂಬತ್ತನೆಯ ದಿನ ಬೋಧಕಿ ಮಾತಿನ ನಡುವೆ, "ಏನಾದರೂ ತಪ್ಪಾದರೆ ಕಂಟ್ರೋಲ್ ಹಿಡಿದು ಝಡ್ ಒತ್ತಿ ಸರ್, ಮಾಡಿದ್ದು ರದ್ದಾಗುತ್ತದೆ" ಎಂದಳು. ನಾನು ಪ್ರಯತ್ನಿಸಿದೆ. ಅಳಿಸಿಹೋಗಿದ್ದ ಇಡೀ ಪುಟ ಮರಳಿ ಬಂತು. ಅದನ್ನು ಮೊದಲ ದಿನವೇ ಹೇಳಿಕೊಡಬಾರದಿತ್ತೇ ಎಂದು ಕೇಳಿದೆ. ಪಠ್ಯಕ್ರಮದಲ್ಲಿ ಅದು ಕೊನೆಯಲ್ಲಿದೆ ಎಂದಳು.

ಈಗ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಭಾನುವಾರಗಳಂದು ನನ್ನ ವಯಸ್ಸಿನ ನಾಲ್ಕಾರು ಜನರಿಗೆ ಕನ್ನಡದಲ್ಲಿ ಬೆರಳಚ್ಚಿಸುವುದನ್ನು ಹೇಳಿಕೊಡುತ್ತೇನೆ. ನನ್ನ ಮೊದಲ ಪಾಠ ಕಂಟ್ರೋಲ್ ಝಡ್.